ಹಲ್ಲಿನ ಡಾಕ್ಟರಿಗೊಂದು ಮೆತ್ತನೆಯ ವೈನ್

ಫೆಬ್ರವರಿ ೩, ಸೋಮವಾರ

ಅತ್ತಿಗೆ ಬಂದಿಳಿದರು. ಮೂರೇ ವಾರ ಅಂದಿದ್ದಾರೆ. ಮೂರೇ ವಾರಕ್ಕೆ ಟ್ಯಾಕ್ಸಿಯವನು ಸೂಟ್‌ಕೇಸು ಹೊತ್ತು ಎರಡು ಸಲ ಮೆಟ್ಟಿಲು ಹತ್ತಿ ಇಳಿಯಬೇಕಾಯಿತೇಕೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಅವರ ಕಟ್ಟಡದ ಪೈಪುಗಳೆಲ್ಲ ತುಕ್ಕು ಹಿಡಿದು ಕೂತಿವೆಯಂತೆ. ಗೋಡೆ ಒಡೆದು ಹೊಸದು ಹಾಕುವವರೆಗೆ ಮನೆಯಲ್ಲಿ ತೊಟ್ಟು ನೀರಿಲ್ಲ. ಅಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಹೆಂಡತಿ ನೀರಿಲ್ಲ ಎಂದು ಫೋನು ಮಾಡಿದರೆ ನಾನು ಬಾಗಿಲು ಹಾಕಿಕೊಳ್ಳಲಾದೀತೇ? "ಬನ್ನಿ" ಎಂದೆ. ಆ ಒಂದು ಮಾತಿಗೆ ಸಂಜೆಯಿಂದ ಪಶ್ಚಾತ್ತಾಪ ಪಡುತ್ತಿದ್ದೇನೆ.

ಈ ಮನೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಒಬ್ಬಳೇ ಇದ್ದೇನೆ. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಕುರ್ಚಿ. ಬೇರೆ ಕುರ್ಚಿಗಳೂ ಇವೆ, ಆದರೆ ನಾನು ಕೂರುವುದು ಒಂದೇ. ಅತ್ತಿಗೆ ಬಂದವರೇ ನೆಟ್ಟಗೆ ಹೋಗಿ ಅದರಲ್ಲೇ ಕೂತರು. ಕೂತು ಸುತ್ತ ನೋಡಿ, "ಅಬ್ಬಾ, ಮನೇನೂ ಆಸ್ಪತ್ರೆ ಥರಾನೇ ಇಟ್ಕೊಂಡಿದೀಯಲ್ಲೇ ಗುಳಿಗೆ" ಎಂದರು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನನಗೆ ಕೆಲಸ ಸಿಕ್ಕ ದಿನ ಅಣ್ಣ ಇಟ್ಟ ಅಡ್ಡಹೆಸರು ಅದು. ಅವನ ಬಾಯಲ್ಲಿ ಚೆನ್ನಾಗಿತ್ತು.

ಫೆಬ್ರವರಿ ೯, ಭಾನುವಾರ

ದೂರುಗಳು, ನೆನಪಾದ ಹಾಗೆ. ಹಲ್ಲುಜ್ಜುವಾಗ ಗುನುಗುತ್ತಾರೆ. ಪಾತ್ರೆ ತೊಳೆಯುವಾಗ ಪಾತ್ರೆಗಳ ಜೊತೆ ಮಾತಾಡುತ್ತಾರೆ, ಬಾಣಲೆಯನ್ನು ಬೈಯುತ್ತಾರೆ. ಟೆಲಿಫೋನಿನಲ್ಲಿ ತಪ್ಪು ನಂಬರಿನವರು ಸಿಕ್ಕರೂ ಹತ್ತು ನಿಮಿಷ ಬಿಡುವುದಿಲ್ಲ. ಅಡುಗೆಮನೆಯ ಡಬ್ಬಿಗಳನ್ನು ನಾನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದೆ. ಅತ್ತಿಗೆ ಅವನ್ನು "ನೋಡೋಕೆ ಚೆಂದ" ಇರುವ ಹಾಗೆ ಜೋಡಿಸಿದ್ದಾರೆ. ನಿನ್ನೆ ಸೂಪಿಗೆ ಉಪ್ಪು ಅಂದುಕೊಂಡು ಸಕ್ಕರೆ ಸುರಿದೆ. ಅವರು "ಹೊಸ ರುಚಿ" ಎನ್ನುತ್ತ ಎರಡು ಬಟ್ಟಲು ಕುಡಿದರು. ಅದು ನನ್ನನ್ನು ಆಡಿಕೊಂಡಿದ್ದೋ ಸಮಾಧಾನ ಮಾಡಿದ್ದೋ ತಿಳಿಯಲಿಲ್ಲ.

ಇನ್ನು ಹದಿನೈದು ದಿನ. ಹಲ್ಲುಕಚ್ಚಿ ಕಳೆಯುತ್ತೇನೆ.

ಫೆಬ್ರವರಿ ೨೪, ಸೋಮವಾರ

ಮೂರು ವಾರ ಮುಗಿಯಿತು. ಬೆಳಿಗ್ಗೆ ಕ್ಯಾಲೆಂಡರಿನ ಮುಂದೆ ನಿಂತು ಎರಡು ಸಲ ಕೆಮ್ಮಿದೆ.

"ಅಯ್ಯೋ, ಹೇಳೋದೇ ಮರೆತೆ ಕಣೆ," ಎಂದರು ಅತ್ತಿಗೆ, ಬ್ರೆಡ್ಡಿಗೆ ಬೆಣ್ಣೆ ಬಳಿಯುತ್ತ. "ಆ ಪೈಪಿನವನು ತಪ್ಪು ಗೋಡೆ ಒಡೆದುಬಿಟ್ನಂತೆ. ಈಗ ಮೊದಲು ಆ ಗೋಡೆ ಕಟ್ಟಬೇಕು. ಆಮೇಲೆ ಸರಿಯಾದ ಗೋಡೆ ಒಡೀಬೇಕು."

"ಎಷ್ಟು ದಿನ ಆಗುತ್ತಂತೆ?"

"ಗೋಡೆ ಅಲ್ವಾ, ಒಣಗಬೇಕು."

ತಪ್ಪು ಗೋಡೆ! ಇಂಥವರನ್ನೆಲ್ಲ ಕೆಲಸಕ್ಕೆ ಇಟ್ಟುಕೊಳ್ಳುವವರು ಯಾರು? ನಾನು ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ನಿಂತಿದ್ದೇನೆ, ಒಂದೇ ಒಂದು ಸಲ ತಪ್ಪು ಬಾಟಲಿ ಕೊಟ್ಟಿಲ್ಲ. ಆ ಪೈಪಿನವನು ನನ್ನ ಕೈಗೆ ಸಿಕ್ಕರೆ ಅವನಿಗೆ ಎಡ ಯಾವುದು ಬಲ ಯಾವುದು ಎಂದು ಚೀಟಿ ಅಂಟಿಸಿ ಕಳಿಸುತ್ತೇನೆ.

ಮಾರ್ಚ್ ೧, ಶನಿವಾರ

ಕತ್ತಲೆಯಲ್ಲಿ ಒಂದು ಕಿಟಕಿ ತೆರೆಯಿತು. ಅತ್ತಿಗೆಗೆ ಒಬ್ಬರು ಗಂಟುಬಿದ್ದಿದ್ದಾರೆ!

ಅತ್ತಿಗೆಯ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು. ಹೆಂಡತಿ ಇಲ್ಲ, ಸ್ವಂತ ಮನೆ ಇದೆ, ಅತ್ತಿಗೆಯ ಎರಡು ದವಡೆಹಲ್ಲು ಉಳಿಸಿಕೊಟ್ಟಿದ್ದಾರೆ. ಇವತ್ತು ಫೋನು ಮಾಡಿ, "ಒಂದು ಮಾತು ಕೇಳೋದಿದೆ, ಎದುರಿಗೇ ಕೇಳ್ಬೇಕು" ಎಂದರಂತೆ. ಅರವತ್ತೆರಡು ವರ್ಷದ ನನ್ನ ಅತ್ತಿಗೆ ಇದನ್ನು ಹೇಳುವಾಗ ಟೆಲಿಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಏನು ಕೇಳುತ್ತಾರೆಂದು ನನಗೂ ಗೊತ್ತು, ಅವರಿಗೂ ಗೊತ್ತು.

"ಊಟಕ್ಕೆ ಕರೀರಿ. ಇಲ್ಲಿಗೇ," ಎಂದೆ.

ಡಾಕ್ಟರು ಬೇರೆ ಊರಿನ ಕಾಲೇಜಿಗೆ ಪರೀಕ್ಷೆ ನಡೆಸಲು ಹೋಗುತ್ತಿದ್ದಾರೆ, ಬರುವುದು ತಿಂಗಳ ಕೊನೆಗೆ. ಮೂವತ್ತನೇ ತಾರೀಕು, ಭಾನುವಾರ, ಮಧ್ಯಾಹ್ನ ಎಂದು ನಿಶ್ಚಯವಾಯಿತು.

"ಅವರಿಗೆ ಭಾನುವಾರದ ಊಟದ ಜೊತೆ ಒಂದು ಗ್ಲಾಸ್ ಕೆಂಪು ವೈನ್ ಆಗಬೇಕು ಕಣೆ. ಒಗರಿದ್ದರೆ ಆಗಲ್ಲ, ಹುಳಿ ಹೊಡೆದ್ರೂ ಆಗಲ್ಲ, ಹಲ್ಲು ಜುಂ ಅನ್ನುತ್ತಂತೆ. ಮೆತ್ತಗಿರಬೇಕು, ಹಣ್ಣು ಹಣ್ಣಾಗಿರಬೇಕು ಅಂತಾರೆ."

"ವೈನ್ ನಾನು ತರ್ತೀನಿ," ಎಂದೆ. ಎಷ್ಟು ಬೇಗ ಎಂದೆನೆಂದರೆ ಅತ್ತಿಗೆ ನನ್ನನ್ನು ಎರಡು ಸಲ ನೋಡಿದರು.

ನಾನು ಜೀವಮಾನದಲ್ಲಿ ವೈನ್ ಕುಡಿದವಳಲ್ಲ. ಆದರೆ ಲೆಕ್ಕ ಸರಳ. ವೈನ್ ಚೆನ್ನಾಗಿದ್ದರೆ ಡಾಕ್ಟರು ಖುಷಿಯಾಗುತ್ತಾರೆ, ಖುಷಿಯಾದರೆ ಧೈರ್ಯ ಬರುತ್ತದೆ, ಧೈರ್ಯ ಬಂದರೆ ಕೇಳುತ್ತಾರೆ, ಕೇಳಿದರೆ ಅತ್ತಿಗೆ ಹೊರಡುತ್ತಾರೆ. ಒಂದು ಬಾಟಲಿಗೆ ಒಬ್ಬ ಅತ್ತಿಗೆ. ಅಗ್ಗವೇ.

ಮಾರ್ಚ್ ೩, ಸೋಮವಾರ

ಕೆಲಸ ಮುಗಿಸಿ ವೈನ್ ಅಂಗಡಿಗೆ ಹೋದೆ. ನೆಲದಿಂದ ಸೂರಿನವರೆಗೆ ಬಾಟಲಿ. ಇಷ್ಟು ಬಾಟಲಿ ನಮ್ಮ ಔಷಧಿ ಗೋದಾಮಿನಲ್ಲೂ ಇಲ್ಲ, ಮತ್ತು ಇಲ್ಲಿ ಯಾವುದರ ಮೇಲೂ ಯಾವ ಕಾಯಿಲೆಗೆ ಎಂದು ಬರೆದಿಲ್ಲ. ದಪ್ಪ ಕನ್ನಡಕದ ಅಂಗಡಿಯವನು ಸ್ಟೂಲಿನ ಮೇಲೆ ಕೂತು ಆಕಳಿಸುತ್ತಿದ್ದ.

"ಕೆಂಪು ವೈನ್ ಬೇಕು. ಒಗರಿರಬಾರದು, ಹುಳಿ ಹದವಾಗಿರಬೇಕು, ಹಣ್ಣಿನ ರುಚಿ ಇರಬೇಕು. ಬೆಲೆ ಎರಡು ಬಾಟಲಿ ಕೆಮ್ಮಿನ ಔಷಧಿಗಿಂತ ಹೆಚ್ಚಿರಬಾರದು."

"ಯಾವ ಕೆಮ್ಮು? ಒಣ ಕೆಮ್ಮಾ, ಕಫದ್ದಾ?" ಎಂದು ಕೇಳಿದ. ಬೆಲೆಯಲ್ಲಿ ವ್ಯತ್ಯಾಸ ಇರುವುದು ನಿಜ. ಮನುಷ್ಯನ ಬಗ್ಗೆ ಸ್ವಲ್ಪ ಗೌರವ ಬಂತು.

"ನೋಡಿ ಮೇಡಂ," ಎಂದ, "ಒಗರು ಬರೋದು ದ್ರಾಕ್ಷಿ ಸಿಪ್ಪೆಯಿಂದ, ಬೀಜದಿಂದ. ಸಿಪ್ಪೆ ತೆಳ್ಳಗಿರೋ ಜಾತಿ ಹುಡುಕಿ. ಮರದ ಪೀಪಾಯಿಯಲ್ಲಿ ಬಹಳ ಕಾಲ ಕೂತಿದ್ದು ಬೇಡ. ವಯಸ್ಸಾಗಿದ್ದೂ ಬೇಡ, ಕಳೆದ ವರ್ಷದ್ದು, ಅದರ ಹಿಂದಿನ ವರ್ಷದ್ದು ಸಾಕು. ಬಾಟಲಿ ಭಾರ ಇದೆ ಅಂತ ಮೋಸ ಹೋಗ್ಬೇಡಿ, ಗಾಜಿಗೆ ರುಚಿ ಇರಲ್ಲ."

"ಇದರಲ್ಲಿ ಒಳ್ಳೇದು ಯಾವುದು?"

"ಅದನ್ನ ನಾಲಿಗೆ ಹೇಳ್ಬೇಕು, ಮೇಡಂ."

ಯಾವ ಮಾತ್ರೆ ತಗೊಳ್ಳಲಿ ಎಂದು ಕೇಳಿದವರಿಗೆ ನಾನು ಹೀಗೆ ಉತ್ತರ ಕೊಟ್ಟಿದ್ದರೆ ಎಂದೋ ಕೆಲಸ ಹೋಗುತ್ತಿತ್ತು. ಅವನ ಮಾತನ್ನೆಲ್ಲ ಶ್ರದ್ಧೆಯಿಂದ ಕೇಳಿ, ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ, ಅರ್ಧ ಬೆಲೆಯ ಚೀಟಿ ಅಂಟಿದ್ದ ಹಳೆಯ ಬಾಟಲಿಯೊಂದನ್ನು ತಂದೆ. ಅವನು "ಅದು ಬೇಡ" ಎಂದ. ಅರ್ಧ ಬೆಲೆ ಎಂದು ಬರೆದವನೇ ಬೇಡ ಎಂದರೆ ಏನರ್ಥ?

ಮಾರ್ಚ್ ೪, ಮಂಗಳವಾರ

ಸಂಜೆ ಆರಕ್ಕೆ ಅತ್ತಿಗೆಯನ್ನು ಮೇಜಿಗೆ ಕರೆದೆ. ಬಾಟಲಿ ತೆರೆಯುವ ಮೊದಲು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಅಲುಗಾಡಿಸಿದೆ.

"ಏಯ್ ಏಯ್ ಏಯ್!" ಎಂದು ಅತ್ತಿಗೆ ಕುರ್ಚಿಯಿಂದ ಎದ್ದೇ ಬಿಟ್ಟರು. "ಏನ್ ಮಾಡ್ತಿದೀಯಾ?"

"ಕುಡಿಯೋ ಮುಂಚೆ ಅಲುಗಾಡಿಸಬೇಕಲ್ಲ, ತಳದಲ್ಲಿ ಕೂತಿರುತ್ತೆ."

"ಕೂತಿರಲಿ ಅಂತಾನೇ ಬಿಡೋದು ಕಣೆ ಅದನ್ನ!"

ತಳದಲ್ಲಿ ವರ್ಷಗಟ್ಟಲೆ ತೆಪ್ಪಗೆ ಕೂತಿದ್ದ ಗಸಿಯೆಲ್ಲ ಎದ್ದು ಬಂದಿತ್ತು. ನಾನು ಅಳತೆಯ ಕಪ್ಪಿನಲ್ಲಿ ತಲಾ ಹದಿನೈದು ಮಿಲಿ ಹಾಕಿದೆ. ಅತ್ತಿಗೆ ಕಪ್ಪನ್ನು ಬೆಳಕಿಗೆ ಹಿಡಿದು, "ಇದು ಊಟಕ್ಕೆ ಮುಂಚೆನಾ, ಆದಮೇಲಾ?" ಎಂದು ಕೇಳಿದರು. ಕುಡಿದೆವು. ತಣ್ಣಗಾದ ಟೀಯ ತಳದಲ್ಲಿ ಉಳಿದ ಪುಡಿಯನ್ನು ಅಗಿದ ಹಾಗಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಅತ್ತಿಗೆಯ ಹಲ್ಲಿನ ಸಂದಿಯಲ್ಲೆಲ್ಲ ಕಪ್ಪು. ಅದೇ ಬಾಯಲ್ಲಿ ನಗಲು ಶುರು ಮಾಡಿದರು, ಹತ್ತು ನಿಮಿಷ ನಿಲ್ಲಿಸಲಿಲ್ಲ.

ಇದನ್ನು ಹೀಗೆ ಬಿಟ್ಟರೆ ಆಗದು. ಸರಿಯಾದ ಕ್ರಮದಲ್ಲಿ ಪರೀಕ್ಷೆ ನಡೆಯಬೇಕು. ನನ್ನ ನಾಲಿಗೆಗೆ ಅನುಭವವಿಲ್ಲ, ಅತ್ತಿಗೆಯ ನಾಲಿಗೆಗೆ ಬಿಡುವಿಲ್ಲ. ಎರಡನ್ನೂ ಕೆಲಸಕ್ಕೆ ಹಚ್ಚುತ್ತೇನೆ.

ಮಾರ್ಚ್ ೭, ಶುಕ್ರವಾರ

ಹೊಸ ನೋಟ್‌ಬುಕ್ಕಿನಲ್ಲಿ ಕಾಲಂಗಳನ್ನು ಎಳೆದೆ: ಬಣ್ಣ, ವಾಸನೆ, ಒಗರು, ಹುಳಿ, ನುಂಗಿದ ಮೇಲೆ, ಅತ್ತಿಗೆಯ ಮುಖ. ಬೆಲೆ ನೋಡಿ ಮನಸ್ಸು ಓಲಬಾರದೆಂದು ಬಾಟಲಿಗಳ ಮೇಲಿನ ಚೀಟಿಯನ್ನು ಬಿಳಿ ಕಾಗದದಿಂದ ಮುಚ್ಚಿ ನಂಬರು ಬರೆದೆ. ಅಂಗಡಿಯವನು ಈ ಸಲ ತಾನೇ ಆರಿಸಿಕೊಟ್ಟ. ಬಾಟಲಿ ಎರಡು: ಒಗರು ಕಡಿಮೆ, ಆದರೆ ರುಚಿಯೇ ಇಲ್ಲ, ಬಣ್ಣದ ನೀರು. ಅತ್ತಿಗೆಯ ಮುಖ: ಸಭ್ಯ. ಬಾಟಲಿ ಮೂರು: ಬಲಿಯದ ಬಾಳೆಕಾಯಿಯ ಸಿಪ್ಪೆ ಕಚ್ಚಿದ ಹಾಗೆ. ಅತ್ತಿಗೆಯ ಮುಖ: ಬರೆಯಲು ಜಾಗ ಸಾಲದು.

ಅಳತೆಯ ಕಪ್ಪಿನಲ್ಲಿ ವಾಸನೆ ಗೊತ್ತಾಗುವುದಿಲ್ಲ ಎಂದು ಅತ್ತಿಗೆ ಹಟ ಹಿಡಿದು ಎರಡು ಗ್ಲಾಸ್ ಕೊಂಡು ತಂದಿದ್ದಾರೆ. ಎರಡೇ ಯಾಕೆ, ಡಾಕ್ಟರು ಬಂದರೆ ಮೂರು ಬೇಕಲ್ಲ ಎಂದೆ. "ಹೌದಲ್ವಾ, ಹೊಳೀಲೇ ಇಲ್ಲ ನೋಡು" ಎಂದರು. ಹೊಳೆಯುವುದಿಲ್ಲವಂತೆ! ಬರುವವರು ಅವರ ಡಾಕ್ಟರು ತಾನೇ?

ಮಾರ್ಚ್ ೧೨, ಬುಧವಾರ

ಬಾಟಲಿ ನಾಲ್ಕು ಪರವಾಗಿಲ್ಲ. ಸ್ವಲ್ಪ ಚೆರ್ರಿಯ ವಾಸನೆ, ಹುಳಿ ಒಂದು ಗೆರೆ ಜಾಸ್ತಿ. ಖಚಿತ ಮಾಡಿಕೊಳ್ಳಲು ಎರಡನೇ ಗ್ಲಾಸ್ ಬೇಕಾಯಿತು.

ಎರಡನೇ ಗ್ಲಾಸಿನ ಹೊತ್ತಿಗೆ ಅತ್ತಿಗೆ ಅಣ್ಣನ ವಿಷಯ ತೆಗೆದರು. ಅವನು ಮದುವೆಯಾದ ಹೊಸದರಲ್ಲಿ ಅವರಿಗೆ ಎಚ್ಚರಿಕೆ ಕೊಟ್ಟಿದ್ದನಂತೆ: "ನನ್ನ ತಂಗೀನ ಊಟ ಮಾಡುವಾಗ ನಗಿಸಬೇಡ, ಮೂಗಿನಿಂದ ಹಂದಿ ಥರ ಸದ್ದು ಬರುತ್ತೆ." ಶುದ್ಧ ಸುಳ್ಳು ಎಂದೆ. ಹೇಳುತ್ತಿರುವಾಗಲೇ ನಗು ಬಂತು, ಮೂಗಿನಿಂದ ಸದ್ದೂ ಬಂತು, ವೈನೂ ಬಂತು. ಮೇಜಿನ ಬಟ್ಟೆ ಹಾಳಾಯಿತು. ಅಣ್ಣನ ಬಗ್ಗೆ ಮಾತಾಡಿ ಎಷ್ಟು ದಿನವಾಗಿತ್ತೋ. ನನಗೆ ಗೊತ್ತಿರದ ಅಣ್ಣನೊಬ್ಬ ಇವರ ಬಳಿ ಇದ್ದಾನೆ.

ಪ್ರತಿ ಔಷಧಿಯ ಒಂದು ಮಾದರಿ ತೆಗೆದಿಡುವುದು ನಮ್ಮ ಪದ್ಧತಿ. ಬಾಟಲಿ ನಾಲ್ಕರಲ್ಲಿ ಉಳಿದದ್ದನ್ನು ಮುಂದಿನವುಗಳ ಜೊತೆ ಹೋಲಿಸಲೆಂದು ಅಡುಗೆಮನೆಯ ಕಿಟಕಿಯ ಬಳಿ ಇಟ್ಟೆ. ಮುಚ್ಚಳ ತೆರೆದ ಮೇಲೆ ಕೆಮ್ಮಿನ ಔಷಧಿ ಒಂದು ತಿಂಗಳು ಬರುತ್ತದೆ, ಇದೂ ಅಷ್ಟು ಬಂದೀತು.

ಮಾರ್ಚ್ ೧೩, ಗುರುವಾರ

ತಲೆ ಸಿಡಿಯುತ್ತಿದೆ. ಇವತ್ತು ತಲೆನೋವೆಂದು ಬಂದವರಿಗೆಲ್ಲ ಎದ್ದು ನಿಂತು ಗೌರವದಿಂದ ಮಾತ್ರೆ ಕೊಟ್ಟೆ.

ಮಾರ್ಚ್ ೧೮, ಮಂಗಳವಾರ

ಅತ್ತಿಗೆ ಗೆಳತಿಯ ಮನೆಗೆ ಹೋಗಿದ್ದಾರೆ, ಎರಡು ದಿನ ಬರುವುದಿಲ್ಲ. ಆಹಾ! ನನ್ನ ಕುರ್ಚಿಯಲ್ಲಿ ನಾನೇ ಕೂತೆ. ಡಬ್ಬಿಗಳನ್ನೆಲ್ಲ ಅಕ್ಷರಮಾಲೆಯ ಕ್ರಮಕ್ಕೆ ತಂದೆ. ಸಂಜೆ ಆರಕ್ಕೆ ಬಾಟಲಿ ಐದನ್ನು ತೆರೆದು ಒಬ್ಬಳೇ ರುಚಿ ನೋಡಿದೆ. ಬಣ್ಣ, ವಾಸನೆ, ಒಗರು, ಹುಳಿ ಎಲ್ಲ ಬರೆದೆ. ಕೊನೆಯ ಕಾಲಂ ಖಾಲಿ ಬಿಟ್ಟರೆ ವರದಿ ಅಪೂರ್ಣ, ಹಾಗಾಗಿ ಐದನ್ನು ಪರೀಕ್ಷೆಯಿಂದ ಕೈಬಿಟ್ಟಿದ್ದೇನೆ.

ಹಲ್ಲುಜ್ಜುವಾಗ ಯಾರೋ ಗುನುಗಿದ ಹಾಗಾಯಿತು. ನಾನೇ.

ಡಬ್ಬಿಗಳನ್ನು ಮತ್ತೆ ಅವರು ಇಟ್ಟ ಹಾಗೇ ಇಟ್ಟೆ. ಸುಮ್ಮನೆ ಜಗಳ ಯಾಕೆ.

ಮಾರ್ಚ್ ೨೨, ಶನಿವಾರ

ಸಿಕ್ಕಿತು. ಬಾಟಲಿ ಏಳು.

ತಿರುಗಿಸಿ ತೆಗೆಯುವ ಮುಚ್ಚಳ, ಹಗುರ ಗಾಜು, ಹೋದ ವರ್ಷದ ದ್ರಾಕ್ಷಿ. ಗ್ಲಾಸಿನ ಹಿಂದೆ ಬೆರಳಿಟ್ಟರೆ ಬೆರಳು ಕಾಣುವಷ್ಟು ತಿಳಿ ಕೆಂಪು. ಮೂಗಿಗೆ ಮಾಗಿದ ಪ್ಲಮ್ ಹಣ್ಣು. ಅಂಗಡಿಯವನು ಹೇಳಿದಂತೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದಿದ್ದೆ. ನಾಲಿಗೆಯ ಮೇಲೆ ಎಲ್ಲೂ ತರಚಲಿಲ್ಲ, ನುಂಗಿದ ಮೇಲೂ ಬಾಯಿ ಒಣಗಲಿಲ್ಲ. ಬೆಲೆ ಒಂದೂಮುಕ್ಕಾಲು ಕೆಮ್ಮಿನ ಔಷಧಿ, ಕಫದ್ದು. ಅತ್ತಿಗೆಯ ಮುಖ: ಕಣ್ಣು ಮುಚ್ಚಿಕೊಂಡಿದ್ದರು. ತೆರೆದು, "ಇದೇ ಕಣೆ" ಎಂದರು.

"ಹೌದು, ಇದೇ," ಎಂದೆ.

ಆಮೇಲೆ ಇಬ್ಬರೂ ಖಾಲಿ ಗ್ಲಾಸುಗಳನ್ನು ತಿರುಗಿಸುತ್ತ ಕೂತೆವು. ಬೇಕಾದದ್ದು ಸಿಕ್ಕಿದೆ, ಹಿಗ್ಗಬೇಕು. ಆದರೆ ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರುವುದು ಶಾಸ್ತ್ರೀಯವಲ್ಲ.

"ಇನ್ನೂ ಒಂದೆರಡು ನೋಡಿಬಿಡೋದು ಒಳ್ಳೇದು," ಎಂದೆ.

"ನೋಡ್ಲೇಬೇಕು," ಎಂದರು ಅತ್ತಿಗೆ, ತಕ್ಷಣ. "ಆತುರ ಯಾಕೆ?"

ಮಾರ್ಚ್ ೨೭, ಗುರುವಾರ

ಎಂಟು ಮತ್ತು ಒಂಬತ್ತನ್ನು ನೋಡಿದೆವು. ಎರಡೂ ಏಳರ ಹತ್ತಿರ ಸುಳಿಯುವುದಿಲ್ಲ. ಬೇರೆ ನೆಪ ಉಳಿದಿಲ್ಲ. ನೆಪ ಎಂದು ಯಾಕೆ ಬರೆದೆನೋ. ಬೇರೆ ಬಾಟಲಿ ಉಳಿದಿಲ್ಲ.

ಕಿಟಕಿಯ ಬಳಿಯ ಬಾಟಲಿ ನಾಲ್ಕು ಅಪ್ಪಟ ವಿನೆಗರ್ ಆಗಿದೆ. ತೆರೆದ ಮೇಲೆ ಎರಡು ಮೂರು ದಿನ ಅಷ್ಟೇ ಎಂದು ಅಂಗಡಿಯವನು ಈಗ ಹೇಳುತ್ತಾನೆ. ವಾಸನೆ ನೋಡಿದ ಅತ್ತಿಗೆಗೆ ಕಣ್ಣೀರು ಬಂತು. ಚೆಲ್ಲಲು ಹೋದರೆ, "ಇರ್ಲಿ ಬಿಡು, ನಲ್ಲಿ ಉಜ್ಜೋಕೆ ಆಗುತ್ತೆ" ಎಂದರು. ಯಾರ ಮನೆಯ ನಲ್ಲಿಯನ್ನು ಯಾವಾಗ ಉಜ್ಜುತ್ತಾರಂತೆ? ಮೂರು ದಿನ ಕಳೆದರೆ ಅವರು ಹಲ್ಲಿನ ಡಾಕ್ಟರ ಮನೆಯವರು.

ಮಾರ್ಚ್ ೩೦, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಡಾಕ್ಟರು ಹನ್ನೆರಡೂವರೆಗೆ ಸರಿಯಾಗಿ ಬಂದರು. ಎತ್ತರದ ಮನುಷ್ಯ, ನಯವಾದ ಮಾತು. ಮಾತಾಡುವಾಗ ನಮ್ಮ ಕಣ್ಣು ನೋಡುವುದಿಲ್ಲ, ಹಲ್ಲು ನೋಡುತ್ತಾರೆ. ನಾನು ಬಾಯಿ ಮುಚ್ಚಿಕೊಂಡೇ ಸ್ವಾಗತಿಸಿದೆ. ಅತ್ತಿಗೆ ನೀಲಿ ಉಡುಪಿನಲ್ಲಿ ಚೆನ್ನಾಗಿ ಕಾಣುತ್ತಿದ್ದರು. ಹೊಸದಾಗಿ ಕೊಂಡು ತಂದ ಏಳನೇ ನಂಬರಿನ ಬಾಟಲಿ ಅರ್ಧ ಗಂಟೆಯಿಂದ ಫ್ರಿಜ್ಜಿನಲ್ಲಿತ್ತು. ಗಾಜಿನ ಹೂಜಿ ತೊಳೆದು ಒರೆಸಿಟ್ಟಿದ್ದೆ. ಎಲ್ಲವೂ ಸಿದ್ಧ.

ಕೂತ ಐದು ನಿಮಿಷಕ್ಕೆ ಡಾಕ್ಟರು ನನ್ನ ಕಡೆ ಬಾಗಿ, "ನಮ್ಮನೇಲಿ ಬೆಳಕು ಜಾಸ್ತಿ ಬರೋ ಕೋಣೆ ಒಂದಿದೆ. ಅದನ್ನ ಖಾಲಿ ಮಾಡಿಸಿ ಬಣ್ಣ ಹೊಡೆಸ್ತಿದೀನಿ. ನಿಮ್ಮ ಅತ್ತಿಗೆಗೆ ಹಳದಿ ಇಷ್ಟಾನಾ?" ಎಂದು ಪಿಸುಗುಟ್ಟಿದರು.

"ಇಷ್ಟ," ಎಂದೆ. ಎದ್ದು ಅಡುಗೆಮನೆಗೆ ಹೋದೆ. ಅತ್ತಿಗೆಗೆ ಹಳದಿ ಇಷ್ಟ ಎಂದು ನನಗೆ ಯಾವಾಗ ಗೊತ್ತಾಯಿತು? ಹೂಜಿ ಮುಂದಿತ್ತು. ಬಾಟಲಿ ತೆಗೆದು ಸುರಿದೆ. ಯಾವ ಬಾಟಲಿ ಎಂದು ನೋಡಲಿಲ್ಲ. ಕೈ ಫ್ರಿಜ್ಜಿನ ಕಡೆ ಹೋಗಲಿಲ್ಲ, ಕಿಟಕಿಯ ಕಡೆ ಹೋಯಿತು. ಅಷ್ಟೇ ಆಗಿದ್ದು.

ಡಾಕ್ಟರು ಒಂದು ಗುಟುಕು ಕುಡಿದರು. ಅವರ ಕಿವಿ ಮೊದಲು ಕೆಂಪಾಯಿತು, ಆಮೇಲೆ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. "ಸ್ವಲ್ಪ… ಚುರುಕಾಗಿದೆ," ಎಂದರು. ಎಂದು, ಮರ್ಯಾದೆಗೆ ಇನ್ನೊಂದು ಗುಟುಕು ಕುಡಿದರು. ಪಾಪದ ಮನುಷ್ಯ.

ಅತ್ತಿಗೆ ಗ್ಲಾಸನ್ನು ಮೂಗಿನ ಹತ್ತಿರ ತಂದರು. ತಂದು ನನ್ನನ್ನು ನೋಡಿದರು. ಎಂಟು ಬಾಟಲಿಗಳ ವಾಸನೆ ಗೊತ್ತಿರುವ ಹೆಂಗಸು. ಇಡೀ ಗ್ಲಾಸನ್ನು ಹುಬ್ಬು ಕದಲಿಸದೆ ಕುಡಿದು ಕೆಳಗಿಟ್ಟರು.

"ತುಂಬಾ ಚೆನ್ನಾಗಿದೆ. ಇನ್ನೊಂದು ಸ್ವಲ್ಪ ಹಾಕು ಗುಳಿಗೆ," ಎಂದರು. ಆಮೇಲೆ ಕೋಳಿ ತರುತ್ತೇನೆಂದು ಒಳಗೆ ಹೋದರು.

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಎನಿಸಿತು. ಡಾಕ್ಟರು ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು ಮೆಲ್ಲಗೆ ಹೇಳಿದರು, "ನೀವು ಅವರನ್ನ ಎಷ್ಟು ಚೆನ್ನಾಗಿ ನೋಡ್ಕೊಂಡಿದೀರಿ ಅನ್ನೋದು ಗೊತ್ತಾಗುತ್ತೆ ಬಿಡಿ. ನೀರು ಬಂದು ತಿಂಗಳ ಮೇಲಾಯ್ತು, ಆದ್ರೂ ವಾಪಸ್ ಹೋಗೋಕೆ ಮನಸ್ಸಿಲ್ಲ ಅವರಿಗೆ."

"ಯಾವ ನೀರು?"

"ಅದೇ, ಪೈಪಿನ ಕೆಲಸ. ಫೆಬ್ರವರಿ ಇಪ್ಪತ್ತೆರಡಕ್ಕೇ ಮುಗೀತಲ್ಲ? ಎರಡು ದಿನ ಮುಂಚೇನೇ ಮುಗಿಸಿದ. ಒಳ್ಳೆ ಕೆಲಸಗಾರ."

"ತಪ್ಪು ಗೋಡೆ ಒಡೆದಿದ್ನಲ್ಲ?"

"ಯಾವ ಗೋಡೆ?" ಎಂದರು ಡಾಕ್ಟರು.

ಹೂಜಿ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅತ್ತಿಗೆ ಕೋಳಿಯ ತಟ್ಟೆ ಹಿಡಿದು ನಿಂತಿದ್ದರು. ಅವರ ಕಣ್ಣೆದುರಿಗೇ ಆ ವೈನನ್ನು ಸಿಂಕಿಗೆ ಸುರಿದೆ. ಹೂಜಿ ತೊಳೆದೆ. ಫ್ರಿಜ್ಜಿನಿಂದ ಏಳನ್ನು ತೆಗೆದು ಅದಕ್ಕೆ ಹಾಕಿದೆ. ಸ್ವಲ್ಪ ಹೊರಗೆ ಚೆಲ್ಲಿತು. ಅತ್ತಿಗೆ ತಟ್ಟೆ ಕೆಳಗಿಟ್ಟು ಅದನ್ನು ಒರೆಸಿದರು. ನನಗೆ ಅಳು ಬಂದಿತ್ತು. ಒಂದು ತಿಂಗಳಿಂದ ಈ ಹೆಂಗಸು ನೀರಿರುವ ಮನೆಯನ್ನು ಬಿಟ್ಟು ನನ್ನ ಜೊತೆ, ನನ್ನಂಥವಳ ಜೊತೆ, ಬೇಕೆಂದೇ ಇದ್ದಾರೆ. ಹಾಗಿದ್ದ ಮೇಲೆ ಅವರಿಗೆ ಬೇಕಾದದ್ದಕ್ಕೆ ನಾನು ಅಡ್ಡಗಾಲು ಹಾಕುವುದೇ?

"ಡಾಕ್ಟ್ರೇ, ಕ್ಷಮಿಸಬೇಕು," ಎಂದೆ ಹೊರಗೆ ಬಂದು. "ತಪ್ಪು ಬಾಟಲಿ ಕೊಟ್ಟಿದ್ದೆ. ಇದು ಸರಿಯಾದದ್ದು."

ಡಾಕ್ಟರು ಜೀವ ಕೈಯಲ್ಲಿ ಹಿಡಿದು ಒಂದು ತೊಟ್ಟು ಬಾಯಿಗೆ ಬಿಟ್ಟುಕೊಂಡರು. ಮುಚ್ಚಿದ ಕಣ್ಣು ತೆರೆಯಿತು. ಭುಜ ಇಳಿಯಿತು. "ಆಹಾ," ಎಂದರು, "ಇದು ನೋಡಿ ಮೆತ್ತಗೆ ಅಂದ್ರೆ." ಎರಡನೇ ಗ್ಲಾಸಿಗೆ ಅವರಿಗೆ ಧೈರ್ಯ ಬಂತು. ಗಂಟಲು ಸರಿಮಾಡಿಕೊಂಡು ಅತ್ತಿಗೆಯ ಕಡೆ ತಿರುಗಿದರು. ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟೆ. ಅತ್ತಿಗೆಯ ಉತ್ತರ ನನ್ನ ಕಿವಿಗೆ ಬೀಳುವುದು ಬೇಡವಾಗಿತ್ತು.

ಡಾಕ್ಟರು ನಗುತ್ತಲೇ ಹೋದರು. ಬಾಗಿಲಲ್ಲಿ ಆ ವೈನಿನ ಹೆಸರು ಕೇಳಿ ಬರೆದುಕೊಂಡರು. ಅತ್ತಿಗೆಯೂ ನಗುತ್ತಿದ್ದರು. ಹಾಗಾದರೆ ಆಗಿಹೋಯಿತು.

ಪಾತ್ರೆ ಒರೆಸುವಾಗ ಒಂದೇ ಒಂದು ಮಾತು ಕೇಳಿದೆ. "ಗೋಡೆ ಒಣಗಿತಾ ಅತ್ತಿಗೆ?"

"ಎಲ್ಲಿ ಒಣಗುತ್ತೆ," ಎಂದರು, ಕಣ್ಣು ಮಿಟುಕಿಸದೆ. "ಇನ್ನೂ ಹಸೀನೇ ಇದೆ."

ಮಾರ್ಚ್ ೩೧, ಸೋಮವಾರ

ಡಾಕ್ಟರಿಗೆ ಏನು ಉತ್ತರ ಕೊಟ್ಟರೆಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಸಂಜೆ ಆರಕ್ಕೆ ರುಚಿ ನೋಡಲು ಏನೂ ಇರಲಿಲ್ಲ, ಆದರೂ ಇಬ್ಬರೂ ಮೇಜಿಗೆ ಬಂದು ಕೂತೆವು.

ಏಪ್ರಿಲ್ ೨, ಬುಧವಾರ

ಕೆಲಸದಿಂದ ಬಂದು ಬಾಗಿಲು ತೆರೆದರೆ ಹಜಾರದ ತುಂಬ ಸೂಟ್‌ಕೇಸು. ದೊಡ್ಡವು, ಚಿಕ್ಕವು, ಒಂದರ ಮೇಲೊಂದು. ಅತ್ತಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು, ತೋಳು ಮಡಚಿಕೊಂಡು ನಡುವೆ ನಿಂತಿದ್ದರು.

ಬೆಳಿಗ್ಗೆಯಿಂದ ಅಭ್ಯಾಸ ಮಾಡಿಕೊಂಡಿದ್ದೆ. "ಒಳ್ಳೇದಾಗ್ಲಿ ಅತ್ತಿಗೆ, ಆಗಾಗ ಬರ್ತಾ ಇರಿ" ಎನ್ನಬೇಕೆಂದು. ಕೋಟು ಬಿಚ್ಚಿರಲಿಲ್ಲ, ಚೀಲ ಭುಜದ ಮೇಲೇ ಇತ್ತು.

"ಹೋಗ್ಬೇಡಿ," ಎಂದೆ.

"ಎಲ್ಲಿಗೆ?"

"ಹಳದಿ ಕೋಣೆಗೆ."

ಅತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆ ಡಾಕ್ಟರಿಗೆ, ಭಾನುವಾರ ಭಾನುವಾರ ಊಟಕ್ಕೆ ಬನ್ನಿ ಅಂದಿದೀನಿ ಅಷ್ಟೇ. ಊಟಕ್ಕೆ ಚೆನ್ನಾಗಿರ್ತಾರೆ. ದಿನಾ ಬೆಳಿಗ್ಗೆ ಎದ್ದು ಹಲ್ಲು ತೋರಿಸೋಕೆ ನನ್ನ ಕೈಲಾಗಲ್ಲಮ್ಮ. ಅವರಿಗೂ ಏನೂ ಬೇಜಾರಾಗಿಲ್ಲ, ವೈನ್ ಅದೇ ಇರುತ್ತಾ ಅಂತ ಕೇಳಿದ್ರು." ದೊಡ್ಡ ಸೂಟ್‌ಕೇಸಿನ ಒಂದು ಹಿಡಿ ಹಿಡಿದುಕೊಂಡರು. "ನಿಂತಿದೀಯಲ್ಲ, ಆ ಕಡೆ ಹಿಡ್ಕೊ. ಅಟ್ಟಕ್ಕೆ ಹಾಕೋಣ. ನಡೆದಾಡೋಕೆ ಜಾಗ ಇಲ್ಲ."

ತುಂಬಿದ ಪೆಟ್ಟಿಗೆ ಎಂದುಕೊಂಡು ಉಸಿರು ಬಿಗಿಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎತ್ತಿದೆ. ಖಾಲಿ. ಸೂಟ್‌ಕೇಸು ಹಾರಿ ಬಂತು, ನಾನು ಹಿಂದಕ್ಕೆ ಬಿದ್ದು ನೆಲದ ಮೇಲೆ ಕೂತೆ. ಅದು ಬಾಯಿ ತೆರೆದುಕೊಂಡು ನನ್ನ ಕಾಲ ಮೇಲೆ ಬಿತ್ತು. ಒಳಗೆ ಒಂದು ಬಟ್ಟೆಯಿಲ್ಲ, ಒಂದು ಗುಂಡಿಯಿಲ್ಲ. ಉಳಿದವುಗಳನ್ನು ಕಾಲಲ್ಲಿ ತಳ್ಳಿ ನೋಡಿದೆ. ಎಲ್ಲ ಖಾಲಿ.

ಅತ್ತಿಗೆ ಗೋಡೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಮೂಗಿನಿಂದಲೂ ಸದ್ದು ಬಂತು, ನಗುವೋ ಅಳುವೋ ನನಗೇ ಗೊತ್ತಾಗಲಿಲ್ಲ.

"ಮುಂಚೆ ಏನಂದೆ?" ಎಂದು ಕೇಳಿದರು, ನಗು ನಿಂತ ಮೇಲೆ. "ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ನೆಲದ ಮೇಲೆ ಕೂತುಕೊಂಡೇ ಹೇಳಿದೆ.